ಆ ಕಾರು ಅನಾಥವಲ್ಲ

ಹಳೆಯ ಕಾರೊಂದನ್ನು ಹುಡುಕಿ ತಂದು ಮರುಜೀವ ಕೊಡುವ ಕಥೆಗೆ ಈಗೊಂದು ಸಿದ್ಧ ಅಚ್ಚು ಇದೆ. ಊರಾಚೆಯ ತೋಟದ ಮನೆ. ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತ ಅಂಬಾಸಡರೋ ಫಿಯಟ್ಟೋ. ಟೈರಿನಲ್ಲಿ ಗಾಳಿಯಿಲ್ಲ, ಸೀಟಿನೊಳಗೆ ಇಲಿಗಳ ಸಂಸಾರ. ಪೇಟೆಯಿಂದ ಬಂದ ಯುವಕ ಒಂದಷ್ಟು ದುಡ್ಡು ಕೊಟ್ಟು ಅದನ್ನು ಲಾರಿಗೆ ಏರಿಸುತ್ತಾನೆ. ಕೆಲವು ತಿಂಗಳ ನಂತರ ಅದೇ ಕಾರು ಕನ್ನಡಿಯಂತೆ ಹೊಳೆಯುತ್ತ ನಿಂತ ಫೋಟೋ, ಅದರ ಕೆಳಗೆ ‘ಅನಾಥವಾಗಿ ಬಿದ್ದಿದ್ದ ಕಾರನ್ನು ನಾನು ಉಳಿಸಿದೆ’ ಎಂಬ ಒಕ್ಕಣೆ. ಹವ್ಯಾಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಒಕ್ಕಣೆಯ ಬಗ್ಗೆ. ಕಾರು ಅನಾಥವಾಗಿರಲಿಲ್ಲ, ಉಳಿಸಿದ್ದು ನೀವಲ್ಲ, ಮತ್ತು ಬಹಳ ಸಲ ಉಳಿದದ್ದು ಆ ಕಾರೂ ಅಲ್ಲ.

ಮೊದಲು ‘ಅನಾಥ’ ಎಂಬ ಮಾತು. ಕಾರು ಸುಮ್ಮನೆ ನಿಲ್ಲುವುದಿಲ್ಲ. ಆರ್.ಸಿ. ಯಾರ ಹೆಸರಲ್ಲಿತ್ತೋ ಅವರು ತೀರಿಕೊಂಡಿರುತ್ತಾರೆ, ಅಣ್ಣತಮ್ಮಂದಿರ ಪಾಲು ಇನ್ನೂ ಮುಗಿದಿರುವುದಿಲ್ಲ. ಇಂಜಿನ್ ಬೋರಿಗೆ ಬಂದ ವರ್ಷವೇ ಫಸಲು ಕೈಕೊಟ್ಟಿರುತ್ತದೆ. ಕೆಲವೊಮ್ಮೆ ನಿಂತುಹೋದದ್ದು ಕಾರಲ್ಲ, ಕಂಪನಿ. ನಮ್ಮ ಬೆಂಗಳೂರಿನಲ್ಲೇ 1980ರ ದಶಕದಲ್ಲಿ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರು ತಯಾರಿಸುತ್ತಿತ್ತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ವಿನ್ಯಾಸ, ಮೈಯೆಲ್ಲ ಫೈಬರ್ ಗ್ಲಾಸ್. 1983ರ ಕೊನೆಗೆ ಬಂದ ಮಾರುತಿ 800ರ ಎದುರು ಅದು ಬಾಳಲಿಲ್ಲ. ಅಂಥ ಕಾರು ಯಾರದಾದರೂ ಮನೆಯಂಗಳದಲ್ಲಿ ನಿಂತಿದ್ದರೆ ಅಸಡ್ಡೆ ಎನ್ನುವ ಮುಂಚೆ, ಬಿಡಿಭಾಗ ಎಲ್ಲಿ ಸಿಗುತ್ತಿತ್ತು ಎಂದು ಕೇಳಬೇಕು.

ಪೊಲೀಸ್ ಠಾಣೆಗಳ ಅಂಗಳ ನೋಡಿ. ಅಪಘಾತ, ಕಳವು, ಮೊಕದ್ದಮೆಗಳಲ್ಲಿ ವಶಪಡಿಸಿಕೊಂಡ ವಾಹನಗಳು ಮಳೆ ಬಿಸಿಲಿಗೆ ಕರಗುತ್ತಿರುತ್ತವೆ. ಅವನ್ನು ಹೀಗೆ ಬಹುಕಾಲ ಇಟ್ಟುಕೊಳ್ಳಬೇಡಿ, ಬಾಂಡ್ ಬರೆಸಿಕೊಂಡು ಹಿಂದಿರುಗಿಸಿ ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಹರಾಜಿನಲ್ಲಿ ಅಗ್ಗಕ್ಕೆ ಕೊಂಡವನಿಗೆ ಅದು ಸಿಕ್ಕ ಕಾರು. ಕೋರ್ಟಿಗೆ ಅಲೆಯಲಾರದೆ ಕೈಬಿಟ್ಟವನಿಗೆ ಕಳೆದುಹೋದ ಕಾರು. ವಸ್ತು ಒಂದೇ, ಕಥೆ ಹೇಳುವ ಅವಕಾಶ ಒಬ್ಬನಿಗೆ ಮಾತ್ರ.

ಜಗತ್ತಿನ ಅತಿ ಪ್ರಸಿದ್ಧ ‘ಪತ್ತೆ’ಯೂ ಹೀಗೆಯೇ. ಫ್ರಾನ್ಸಿನಲ್ಲಿ ರೋಜೆ ಬಯೋಂ ಎಂಬ ಸಾರಿಗೆ ಉದ್ಯಮಿ ಮ್ಯೂಸಿಯಂ ಕಟ್ಟುವ ಕನಸಿನಿಂದ ಕಾರು ಕೂಡಿಹಾಕಿದ್ದ. ವ್ಯಾಪಾರ ಮುಳುಗಿತು, ಕಾರುಗಳು ಶೆಡ್ಡುಗಳಲ್ಲಿ ದಶಕಗಟ್ಟಲೆ ಉಳಿದವು. 2014ರಲ್ಲಿ ಸುಮಾರು 60 ಕಾರುಗಳು ‘ಪತ್ತೆಯಾದವು’ ಎಂದು ಸುದ್ದಿಯಾಯಿತು. ಅವು ಅಲ್ಲಿರುವುದು ಮನೆಯವರಿಗೆ ಯಾವತ್ತೂ ಗೊತ್ತಿತ್ತು! ಗೊತ್ತಿಲ್ಲದಿದ್ದದ್ದು ಮಾರುಕಟ್ಟೆಗೆ. ಮಾರನೆಯ ವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಅವುಗಳಲ್ಲಿನ ಒಂದು ಫೆರಾರಿ, ಧೂಳು ಸಮೇತ, 1.6 ಕೋಟಿ ಯೂರೋಗಿಂತ ಹೆಚ್ಚಿಗೆ ಹೋಯಿತು.

ಇನ್ನು, ಉಳಿಸಿದವರು ಯಾರು? ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಏಕಾಏಕಿ ಸೆಲ್ಫ್ ಹೊಡೆಯುವಂತಿಲ್ಲ. ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡ ಪಿಸ್ಟನ್ ಬಿಡಿಸಲು ಪ್ಲಗ್ ಬಿಚ್ಚಿ, ಡೀಸೆಲ್ಲೋ ತೆಳು ಎಣ್ಣೆಯೋ ಸುರಿದು ದಿನಗಟ್ಟಲೆ ಕಾಯಬೇಕು. ಆಮೇಲೆ ಕೈಯಿಂದಲೇ ಕ್ರ್ಯಾಂಕನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಬೇಕು. ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತದೆ, ಬ್ರೇಕು ಜಾಮ್ ಆಗಿರುತ್ತದೆ, ವೈರುಗಳನ್ನು ಇಲಿ ತಿಂದಿರುತ್ತದೆ. ಕಾಲಡಿಯ ತಗಡು ತೂತು. ಅದನ್ನು ಕತ್ತರಿಸಿ, ಹೊಸ ತಗಡನ್ನು ಕಣ್ಣಳತೆಯಲ್ಲೇ ಬಡಿದು ಬಾಗಿಸಿ ವೆಲ್ಡ್ ಮಾಡುವವರು ಟಿಂಕರಿಂಗ್ ಕೆಲಸದವರು. ಯಾವ ಗಾಡಿಯ ಬೇರಿಂಗು ಯಾವುದಕ್ಕೆ ಕೂರುತ್ತದೆ ಎಂಬುದು ಜೆ.ಸಿ. ರಸ್ತೆಯ, ಶಿವಾಜಿನಗರದ ಗುಜರಿಯ ಅಂಗಡಿಯವರ ತಲೆಯಲ್ಲಿದೆ. ವಿಡಿಯೋದಲ್ಲಿ ಇವರೆಲ್ಲ ‘ನಮ್ಮ ಮೆಕ್ಯಾನಿಕ್’. ಬರೀ ಎರಡು ಕೈ ಕಾಣುತ್ತವೆ. ಮುಖ ಮಾಲೀಕನದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಅಳಿಸುವಿಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಪತ್ತೆಹಚ್ಚಿದವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಎಂದು ಎಲ್ಲರೂ ಓದಿದ್ದೇವೆ. 1909ರಲ್ಲಿ ಅದನ್ನು ಮುದ್ರಿಸಿದ ಅವರ ವಿದ್ವತ್ತನ್ನು ಯಾರೂ ಕಡಿಮೆ ಮಾಡಲಾರರು. ಆದರೆ ಆ ಓಲೆಗರಿಯ ಕಟ್ಟನ್ನು ಮೈಸೂರಿನ ಗ್ರಂಥಾಲಯಕ್ಕೆ ತಂದುಕೊಟ್ಟವರು ತಂಜಾವೂರು ಕಡೆಯ ಒಬ್ಬ ಪಂಡಿತರು. ಈ ಕಥೆ ಹೇಳುವಾಗಲೆಲ್ಲ ಅವರು ‘ಒಬ್ಬ ಪಂಡಿತರು’ ಅಷ್ಟೇ. ಹುಳ ತಿನ್ನದಂತೆ ಯಾರೋ ಅದನ್ನು ಕಾದಿಟ್ಟಿದ್ದರಿಂದಲೇ ಪತ್ತೆಹಚ್ಚಲು ಏನಾದರೂ ಉಳಿದಿತ್ತು.

ಮೂರನೆಯದು, ಉಳಿದದ್ದು ಏನು? ಗ್ರಂಥಸಂಪಾದನೆಯಲ್ಲಿ ಒಂದು ಶಿಸ್ತಿದೆ. ಪಾಠ ತಿದ್ದಿದರೆ, ಮೊದಲು ಅಲ್ಲಿ ಏನಿತ್ತು ಎಂಬುದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದ ಯಾವ ಎಂ.ಎ. ವಿದ್ಯಾರ್ಥಿಯೂ ಪಾಠಾಂತರಗಳನ್ನು ಸುಟ್ಟುಹಾಕಿ ‘ಶುದ್ಧ ಪ್ರತಿ’ ಸಿದ್ಧವಾಯಿತು ಎನ್ನಲಾರ. ಕಾರಿನ ವಿಷಯದಲ್ಲಿ ಅದನ್ನೇ ಮಾಡಿ ಹೆಮ್ಮೆಪಡುತ್ತೇವೆ. ಟ್ಯಾಕ್ಸಿಯಾಗಿ ದುಡಿದ ಕಾಲದ ಹಳದಿ ಬಣ್ಣದ ಪದರ, ಪೆಟ್ರೋಲು ತುಟ್ಟಿಯಾದಾಗ ಕೂರಿಸಿದ ಡೀಸೆಲ್ ಇಂಜಿನ್, ಯಾರೋ ಡ್ಯಾಶ್‌ಬೋರ್ಡಿಗೆ ಅಂಟಿಸಿದ ದೇವರ ಪಟ, ಇವೆಲ್ಲ ಆ ಕಾರಿನ ಪಾಠಾಂತರಗಳು. ಉಜ್ಜಿ ಕೆರೆದು, ಶೋರೂಮಿನಿಂದ ಈಗ ತಾನೇ ಬಂದಂತೆ ಮಾಡಿದರೆ, ಉಳಿದದ್ದು ಕಾರಿನ ಮಾಡೆಲ್ಲು. ಆ ಕಾರು ಹೋಯಿತು.

ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಕಾನೂನೂ ಇದೇ ಕಣ್ಣಿನಿಂದ ನೋಡುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಸ್ವಂತ ಬಳಕೆಯದ್ದಾಗಿರಬೇಕು, ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರು. ಅಂದರೆ ಬಾಡಿಗೆಗೆ ಓಡಿ ಮೂರು ಮನೆ ಸಾಕಿದ ಅಂಬಾಸಡರ್ ಎಷ್ಟು ವರ್ಷ ಬಾಳಿದರೂ ವಿಂಟೇಜ್ ಆಗುವಂತಿಲ್ಲ. ಬದುಕಲು ಇಂಜಿನ್ ಬದಲಿಸಿಕೊಂಡದ್ದೇ ಅದರ ಅಪರಾಧ. ಮುಂಬೈಯ ಗುರುತೇ ಆಗಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದವು. ದುಡಿದ ಕಾರಿಗೆ ಗುಜರಿ, ಶೆಡ್ಡಿನಲ್ಲಿ ಕೂತ ಕಾರಿಗೆ ಪರಂಪರೆಯ ಪಟ್ಟ. ಸಾಹಿತ್ಯ ಚರಿತ್ರೆಯಲ್ಲಿ ಇಂಥ ವಿಂಗಡಣೆ ಕಂಡರೆ ನಾವು ಸುಮ್ಮನಿರುತ್ತಿದ್ದೆವೆ?

‘ಹಾಗಾದರೆ ಎಲ್ಲವೂ ಗುಜರಿಗೆ ಹೋಗಲಿ ಎನ್ನುತ್ತೀರಾ?’ ಎಂದು ಕೇಳಬಹುದು. ಖಂಡಿತ ಇಲ್ಲ. ಧರ್ಮಸ್ಥಳದ ಮಂಜೂಷಾದಂಥ ಸಂಗ್ರಹಾಲಯಗಳಲ್ಲಿ ಕಾರುಗಳನ್ನು ಕಾದಿಟ್ಟಿದ್ದರಿಂದಲೇ ಇವತ್ತಿನ ಮಕ್ಕಳು ಅವನ್ನು ಕಣ್ಣಾರೆ ನೋಡುತ್ತಿದ್ದಾರೆ. ಕೈ ಮಸಿ ಮಾಡಿಕೊಂಡು ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದವರಿಗೆ ಯಂತ್ರದ ಬಗ್ಗೆ ಹುಟ್ಟುವ ಗೌರವ ಪುಸ್ತಕದಿಂದ ಬರುವಂಥದ್ದಲ್ಲ. ಹಳೆಯ ಕಾರು ಹುಡುಕಿ, ಕೊಳ್ಳಿ, ಓಡಿಸಿ. ಆದರೆ ಲಾರಿಗೆ ಏರಿಸುವ ಮುಂಚೆ ಆ ಮನೆಯ ಜಗಲಿಯಲ್ಲಿ ಒಂದು ತಾಸು ಕೂತು ಕೇಳಿ: ಯಾರು ಕೊಂಡದ್ದು, ಎಲ್ಲೆಲ್ಲಿಗೆ ಹೋಯಿತು, ಯಾಕೆ ನಿಂತಿತು. ಕೇಳಿದ್ದನ್ನು ಬರೆದಿಡಿ. ಬಣ್ಣ ಕೆರೆಯುವ ಮುಂಚೆ ಫೋಟೋ ತೆಗೆದಿಡಿ. ಎಲ್ಲಾದರೂ ಒಂದು ಕಡೆ ಹಳೆಯ ಪದರವನ್ನು ಹಾಗೇ ಬಿಡಿ.

ಓಲೆಗರಿಗಳ ಕೊನೆಯಲ್ಲಿ ಪ್ರತಿ ಮಾಡಿದವರು ತಮ್ಮ ಹೆಸರು, ಬರೆದು ಮುಗಿಸಿದ ದಿನ, ಬೆನ್ನು ಕತ್ತು ಬಾಗಿದ ಕಷ್ಟ ಎಲ್ಲವನ್ನೂ ಬರೆಯುವ ರೂಢಿಯಿತ್ತು. ಕೃತಿ ಅವರದ್ದಲ್ಲ, ದುಡಿಮೆ ಅವರದು. ಆ ಹಕ್ಕನ್ನು ಓಲೆಗರಿಯ ಕಾಲವೇ ಕೊಟ್ಟಿತ್ತು. ಬಾನೆಟ್ಟಿನ ಒಳಬದಿಯಲ್ಲಿ ಇಂಜಿನ್ ಇಳಿಸಿದವರ, ತಗಡು ಬಡಿದವರ, ಬಣ್ಣ ಹೊಡೆದವರ ಹೆಸರು ಬರೆಸಲು ಒಂದು ಸಣ್ಣ ಡಬ್ಬಿ ಬಣ್ಣ ಸಾಕು. ಅಷ್ಟನ್ನೂ ಮಾಡದವರು ‘ಹಳೇ ಕಾರು ಕೊಂಡೆ’ ಎಂದು ಹೇಳಿಕೊಳ್ಳಲಿ. ‘ಉಳಿಸಿದೆ’ ಎನ್ನುವುದು ಬೇಡ.