ಸ್ಕ್ಯಾನರ್ ಕೆಟ್ಟಿಲ್ಲ, ಡ್ರೈವರ್ ಸಿಗಲಿಲ್ಲ

ನಮ್ಮೂರ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸ್ಕ್ಯಾನರ್ ಮೂಲೆ ಸೇರಿದೆ. ಕೆಟ್ಟಿಲ್ಲ. ಹಳೆ ಕಂಪ್ಯೂಟರ್ ಹೋಗಿ ಹೊಸದು ಬಂತು, ಅದಕ್ಕೆ ಇದರ ಡ್ರೈವರ್ ಹೊಂದಲಿಲ್ಲ, ಅಷ್ಟೇ. ಡ್ರೈವರ್ ಅಂದರೆ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್. 32 ಬಿಟ್ ವಿಂಡೋಸ್‌ಗೆ ಬರೆದದ್ದು 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಕಂಪನಿ ಹೊಸದು ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಯಂತ್ರ ಗುಜರಿಗೆ. ಅಂಗಡಿಯವರು ಸಾಲ ಮಾಡಿ ಇನ್ನೊಂದು ತಂದರು.

ಇದು ಹಣೆಬರಹವೇನಲ್ಲ. ಲಿನಕ್ಸ್ ಕರ್ನಲ್ ಜೊತೆಗೇ ಬರುವ ಡ್ರೈವರ್‌ಗಳ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಚಿಪ್ಪಿಂದ ಚಿಪ್ಪಿಗೆ ಬದಲಾಗುವ ಕೆಲಸವನ್ನು ಬಹುಮಟ್ಟಿಗೆ ಕರ್ನಲ್ಲೇ ನೋಡಿಕೊಳ್ಳುತ್ತದೆ. ಹಾಗಾಗಿ ಸರಿಯಾಗಿ ಬರೆದ ಒಂದೇ ಯುಎಸ್‌ಬಿ ಡ್ರೈವರ್ ಇಂಟೆಲ್ ಕಂಪ್ಯೂಟರಿಗೂ ಆಗುತ್ತದೆ, ಆರ್ಮ್ ಚಿಪ್ಪಿನ ರಾಸ್ಪ್‌ಬೆರಿ ಪೈಗೂ ಆಗುತ್ತದೆ. ಹಳೆಯ ಎಷ್ಟೋ ಸ್ಕ್ಯಾನರ್‌ಗಳು ಲಿನಕ್ಸ್‌ನಲ್ಲಿ 'ಸೇನ್' ಎಂಬ ಸಾಫ್ಟ್‌ವೇರ್‌ನಿಂದ ಇನ್ನೂ ಓಡುತ್ತಿವೆ. (ಎಲ್ಲವೂ ಅಲ್ಲ, ಮೊದಲು ಅದರ ಪಟ್ಟಿ ನೋಡಿ.)

ನಿಮ್ಮ ಕೈಯಲ್ಲಿರುವ ಫೋನಿನದೂ ಇದೇ ಕತೆ. ಚಿಪ್ ಕಂಪನಿ ಡ್ರೈವರ್ ಕೊಡುವುದು ನಿಲ್ಲಿಸಿದರೆ ಹೊಸ ಆಂಡ್ರಾಯ್ಡ್ ಬರುವುದು ಕಷ್ಟ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಗೂಗಲ್ 'ಟ್ರೆಬಲ್' ತಂದು ಡ್ರೈವರ್ ಭಾಗವನ್ನು ಬೇರೆ ಮಾಡಿತು. ತೊಂದರೆ ತಗ್ಗಿತು, ತೀರಲಿಲ್ಲ.

ಪಂಚಾಯಿತಿ, ಶಾಲೆಗಳು ನಮ್ಮೆಲ್ಲರ ದುಡ್ಡಲ್ಲಿ ಪ್ರಿಂಟರ್, ಸ್ಕ್ಯಾನರ್ ಕೊಳ್ಳುವಾಗ ಟೆಂಡರಿನಲ್ಲೇ ಬರೆಯಲಿ ಅನ್ನುವುದು ನಮ್ಮ ವಾದ: ಡ್ರೈವರ್‌ನ ಸೋರ್ಸ್ ತೆರೆದಿರಬೇಕು, ಲಿನಕ್ಸ್‌ನಲ್ಲೂ ನಡೆಯಬೇಕು. ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳುತ್ತೇವೆ, ನೀವೂ ನಿಮ್ಮೂರಲ್ಲಿ ಕೇಳಿ.