ದ್ವೇಷವನ್ನು ಖಂಡಿಸುವ ನಾಲಗೆ ಮೊದಲು ಶುದ್ಧವಾಗಲಿ

ರಮಝಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದ ನಮಗೆ ಪಿಯುಸಿ ಓದುವ ಹುಡುಗನೊಬ್ಬ ತನ್ನ ಮೊಬೈಲ್ ತೋರಿಸಿದ. ಹಿಟ್ಲರನ ಚಿತ್ರ. ಕೆಲವು ಯಹೂದಿಗಳನ್ನು ಉಳಿಸಿದ್ದೇ ತಾನೇಕೆ ಉಳಿದವರನ್ನು ಕೊಂದೆನೆಂದು ಲೋಕಕ್ಕೆ ತಿಳಿಯಲಿ ಎಂಬರ್ಥದ ಮಾತು ಅದರ ಕೆಳಗೆ. “ಉಸ್ತಾದರೇ, ಎಷ್ಟು ಸರಿಯಾಗಿ ಹೇಳಿದ್ದಾನೆ ಅಲ್ಲವೇ?” ಎಂದು ಆತ ಕೇಳಿದ. ಕೆಲವೇ ನಿಮಿಷಗಳ ಹಿಂದೆ ಗಾಝಾದ ಮಕ್ಕಳಿಗಾಗಿ ದುಆದಲ್ಲಿ ಕಣ್ಣೀರಿಟ್ಟ ಹುಡುಗನೇ ಅವನು. ಹಿಟ್ಲರ್ ಹಾಗೆ ಹೇಳಿದ್ದಕ್ಕೆ ದಾಖಲೆಯಿಲ್ಲ. ಇದ್ದರೂ, 60 ಲಕ್ಷ ಯಹೂದಿಗಳ ಹತ್ಯೆಗೆ ಕಾರಣನಾದವನನ್ನು ಫೆಲೆಸ್ತೀನಿನ ಪರ ಸಾಕ್ಷಿಯಾಗಿ ಕರೆತರುವ ಗತಿ ನಮಗೇಕೆ ಬಂತು?

ಈ ಪ್ರಶ್ನೆಯೊಂದಿಗೆ ಅಮೆರಿಕದ ವಿಶ್ವವಿದ್ಯಾನಿಲಯಗಳತ್ತ ನೋಡೋಣ. ಅಲ್ಲಿನ ಯಹೂದಿ ಸಮುದಾಯ ತನ್ನ ಯುವಕರ ಶಿಕ್ಷಣವನ್ನು ಎಂದೂ ಲಘುವಾಗಿ ಕಂಡಿಲ್ಲ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ‘ಹಿಲೆಲ್’ ಸಂಸ್ಥೆ ಇಂದು ನೂರಾರು ಕ್ಯಾಂಪಸ್‌ಗಳಲ್ಲಿದೆ. 1999ರಲ್ಲಿ ಶುರುವಾದ ‘ಬರ್ತ್‌ರೈಟ್’ ಯೋಜನೆ ಯಹೂದಿ ಯುವಕರನ್ನು ಸುಮಾರು ಹತ್ತು ದಿನ ಉಚಿತವಾಗಿ ಇಸ್ರೇಲಿಗೆ ಕರೆದೊಯ್ಯುತ್ತದೆ. ಎಂಟು ಲಕ್ಷಕ್ಕೂ ಮೀರಿದ ಯುವಕರು ಹಾಗೆ ಹೋಗಿ ಬಂದಿದ್ದಾರೆ. 2023ರ ಅಕ್ಟೋಬರ್ 7ರ ಬಳಿಕ ಯಹೂದಿ ದ್ವೇಷವನ್ನು ಗುರುತಿಸುವುದು, ಎದುರಿಸುವುದು, ಇಸ್ರೇಲಿನೊಂದಿಗಿನ ನಂಟನ್ನು ವಿವರಿಸುವುದು ಇಂತಹ ತರಬೇತಿಗಳ ಮುಖ್ಯ ವಿಷಯವಾಗಿದೆ.

ಇದೆಲ್ಲವೂ ಬರಿಯ ಪ್ರಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಬಂದ 11 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. 2023ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಯಹೂದಿ ವಿದ್ಯಾರ್ಥಿಗಳಿಗೆ ಕೊಲೆ ಬೆದರಿಕೆ ಹಾಕಿದಾತ ಜೈಲು ಸೇರಿದ. ಅವರ ಭಯ ಕಟ್ಟುಕತೆಯಲ್ಲ. ಜೆರುಸಲೇಮಿನೊಂದಿಗಿನ ಅವರ ನಂಟೂ ಕಟ್ಟುಕತೆಯಲ್ಲ. ಅವರು ಪ್ರಾರ್ಥಿಸುವುದು ಆ ನಗರದ ಕಡೆಗೆ ಮುಖ ಮಾಡಿ. ಮದುವೆಯ ಸಂಭ್ರಮದಲ್ಲೂ ಗಾಜಿನ ಲೋಟ ಒಡೆದು ನಾಶವಾದ ದೇವಾಲಯವನ್ನು ನೆನೆಯುತ್ತಾರೆ. ಮೂಸಾ, ದಾವೂದ್, ಸುಲೈಮಾನರ(ಅ) ಚರಿತ್ರೆಯನ್ನು ಕುರ್‌ಆನಿನಲ್ಲಿ ಓದುವ ನಾವು ಆ ನಂಟನ್ನು ಅಲ್ಲಗಳೆಯುವುದಾದರೂ ಹೇಗೆ?

ಆದರೆ ಒಂದು ಜನಾಂಗದ ನಂಟು ಇನ್ನೊಂದು ಜನಾಂಗವನ್ನು ಮನೆಯಿಂದ ಹೊರದಬ್ಬಲು ಪರವಾನಿಗೆಯಾಗದು. 1948ರಲ್ಲಿ ಏಳು ಲಕ್ಷದಷ್ಟು ಫೆಲೆಸ್ತೀನಿಯರು ನಿರಾಶ್ರಿತರಾದರು. ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು; ನಿರಾಯುಧರ ಆ ಹತ್ಯೆಗೆ ಇಸ್ಲಾಮಿನಲ್ಲಿ ಸಮರ್ಥನೆಯಿಲ್ಲ. ಆ ಬಳಿಕ ಗಾಝಾದಲ್ಲಿ, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಂತೆ, 2025ರ ಕೊನೆಯೊಳಗೆ 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಮನೆ ಕಳಕೊಂಡವರ ಕತೆಯನ್ನು ಹೇಳದೆ ನಂಟಿನ ಕತೆಯನ್ನಷ್ಟೇ ಕಲಿಸುವ ಪಾಠ ಅರ್ಧ ಪಾಠ. ಅರ್ಧ ಪಾಠ ಭಯವನ್ನು ಬೆಳೆಸುತ್ತದೆ, ವಿವೇಕವನ್ನಲ್ಲ.

ಇಸ್ರೇಲ್ ಸರಕಾರವನ್ನು ಪ್ರಶ್ನಿಸುವವರ ಬಾಯಿ ಮುಚ್ಚಿಸಲು ‘ಯಹೂದಿ ದ್ವೇಷ’ದ ಆರೋಪ ಬಳಕೆಯಾಗುತ್ತಿರುವುದೂ ನಿಜ. 2016ರಲ್ಲಿ ಅಂತಾರಾಷ್ಟ್ರೀಯ ಹೋಲೋಕಾಸ್ಟ್ ಸ್ಮರಣ ಒಕ್ಕೂಟ ಅಂಗೀಕರಿಸಿದ ವ್ಯಾಖ್ಯಾನವನ್ನು ಮುಂದಿಟ್ಟು ಹಲವೆಡೆ ವಿದ್ಯಾರ್ಥಿಗಳ ಭಾಷಣಗಳನ್ನು ತೂಗಲಾಗುತ್ತಿದೆ. ವಿಚಿತ್ರವೆಂದರೆ, ಆ ವ್ಯಾಖ್ಯಾನದ ಕರಡು ರಚಿಸಿದವರಲ್ಲಿ ಪ್ರಮುಖರಾದ ಕೆನ್ನೆತ್ ಸ್ಟರ್ನ್ ಅವರೇ ಅದನ್ನು ಕ್ಯಾಂಪಸ್‌ನಲ್ಲಿ ಮಾತಿಗೆ ಬೇಲಿಯಾಗಿಸಬಾರದೆಂದು ವಿರೋಧಿಸಿದರು. 2021ರಲ್ಲಿ ಯಹೂದಿ ವಿದ್ವಾಂಸರೂ ಸೇರಿ ಹೊರತಂದ ‘ಜೆರುಸಲೇಮ್ ಘೋಷಣೆ’ ದ್ವೇಷವನ್ನೂ ರಾಜಕೀಯ ಟೀಕೆಯನ್ನೂ ಬೇರ್ಪಡಿಸಿತು. 2024ರ ಏಪ್ರಿಲ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಹುಲ್ಲುಹಾಸಿನಲ್ಲಿ ಗಾಝಾಕ್ಕಾಗಿ ಡೇರೆ ಹಾಕಿದವರ ನಡುವೆ ಯಹೂದಿ ವಿದ್ಯಾರ್ಥಿಗಳಿದ್ದರು. ತಮ್ಮ ಪಾಸೋವರ್ ಹಬ್ಬದ ಊಟವನ್ನು ಅವರು ಅಲ್ಲೇ ಮಾಡಿದರು.

ಈ ಯಹೂದಿಗಳನ್ನು ನಮ್ಮ ಹುಡುಗನ ಮೊಬೈಲ್ ಚಿತ್ರ ಏನು ಮಾಡುತ್ತದೆ? ಫೆಲೆಸ್ತೀನಿಗಾಗಿ ಬಂಧನಕ್ಕೂ ಹೆದರದವರನ್ನು ಅದು ಗ್ಯಾಸ್ ಕೋಣೆಗೆ ತಳ್ಳಲು ಹೊರಡುತ್ತದೆ! ದುರಂತವೇನೆಂದರೆ, ಈ ರೋಗ ಮೊಬೈಲಿನಿಂದ ಆರಂಭವಾದದ್ದಲ್ಲ. ಜಿಪುಣನನ್ನು, ವಂಚಕನನ್ನು ‘ಯಹೂದಿ’ಯೆಂದು ಜರೆಯುವುದು ನಮ್ಮ ಮನೆಗಳಲ್ಲಿ ಮಾಮೂಲು. 1921ರಲ್ಲೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ನಕಲಿಯೆಂದು ಬಯಲು ಮಾಡಿದ ‘ಝಿಯೋನ್ ಹಿರಿಯರ ಪ್ರೋಟೋಕಾಲ್’ ಕೃತಿಯನ್ನು ಪ್ರಮಾಣವೆಂಬಂತೆ ಉದ್ಧರಿಸುವ ಭಾಷಣಕಾರರು ನಮ್ಮಲ್ಲಿದ್ದಾರೆ. ಎಲ್ಲೋ ಯಾರೋ ಮಾಡಿದ ಅಪರಾಧಕ್ಕೆ ನಮ್ಮ ಊರಿನ ಮುಸ್ಲಿಮ್ ಅಂಗಡಿಯವನು ಉತ್ತರಿಸಬೇಕೆಂದಾಗ ನಮಗೆ ನೋಯುತ್ತದೆ. ಹಾಗಾದರೆ ನೆತನ್ಯಾಹುವಿನ ಕೃತ್ಯಕ್ಕೆ ನ್ಯೂಯಾರ್ಕಿನ ಯಹೂದಿ ವಿದ್ಯಾರ್ಥಿನಿ ಏಕೆ ಉತ್ತರಿಸಬೇಕು?

ಯಾವುದೇ ಜನರ ಮೇಲಿನ ರೋಷ ನ್ಯಾಯದಿಂದ ನಮ್ಮನ್ನು ಜಾರಿಸಬಾರದೆಂಬುದು ‘ಅಲ್ ಮಾಇದಾ’ ಅಧ್ಯಾಯದ ಎಂಟನೇ ಸೂಕ್ತದ ತಾಕೀತು. ಯಹೂದಿಯೊಬ್ಬರ ಶವಯಾತ್ರೆ ಸಾಗಿದಾಗ ಪ್ರವಾದಿ(ಸ) ಎದ್ದು ನಿಂತದ್ದನ್ನು, ಅದು ಯಹೂದಿಯ ಶವವೆಂದು ಅನುಚರರು ನೆನಪಿಸಿದಾಗ ಅದೂ ಒಂದು ಜೀವವಲ್ಲವೇ ಎಂದು ಕೇಳಿದ್ದನ್ನು ಬುಖಾರಿಯಲ್ಲಿ ಓದಿದವರು ನಾವು. ಕಲ್ಕತ್ತದಲ್ಲಿ 1881ರಲ್ಲಿ ಸ್ಥಾಪನೆಯಾದ ಯಹೂದಿ ಬಾಲಕಿಯರ ಶಾಲೆಯಲ್ಲಿ ಇಂದು ಕಲಿಯುವವರಲ್ಲಿ ಹೆಚ್ಚಿನವರು ಮುಸ್ಲಿಮ್ ಹೆಣ್ಣುಮಕ್ಕಳು. ಅಲ್ಲಿನ ಸಿನಗಾಗ್‌ಗಳನ್ನು ಕಾಯುವವರೂ ಮುಸ್ಲಿಮರೇ. 2008ರಲ್ಲಿ ಮುಂಬೈಯ ಯಹೂದಿ ಕೇಂದ್ರ ನರಿಮನ್ ಹೌಸ್ ಸಹಿತ ಹಲವೆಡೆ ರಕ್ತ ಹರಿಸಿದವರ ಶವಗಳಿಗೆ ಆ ನಗರದ ಮುಸ್ಲಿಮರು ತಮ್ಮ ಕಬರಸ್ತಾನದಲ್ಲಿ ಜಾಗ ಕೊಡಲಿಲ್ಲ. ಇದು ನಮ್ಮ ಪರಂಪರೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿದವರು ಯಾರು?

ಯಹೂದಿ ಸಮುದಾಯ ತನ್ನ ಮಕ್ಕಳಿಗಾಗಿ ಒಂದು ಶತಮಾನ ದುಡಿದಿದೆ. ನಾವು ನಮ್ಮ ಮಕ್ಕಳನ್ನು ವಾಟ್ಸಾಪಿಗೆ ಒಪ್ಪಿಸಿ ಮಲಗಿದ್ದೇವೆ. ಮದ್ರಸದ ಹಿರಿಯ ತರಗತಿಗಳಲ್ಲಿ, ರಜಾಕಾಲದ ಶಿಬಿರಗಳಲ್ಲಿ ಫೆಲೆಸ್ತೀನಿನ ಇತಿಹಾಸವನ್ನು ಪೂರ್ಣವಾಗಿ ಕಲಿಸೋಣ. ಯಹೂದಿ, ಝಿಯೋನಿಸ್ಟ್, ಇಸ್ರೇಲ್ ಸರಕಾರ ಎಂಬ ಮೂರು ಪದಗಳ ವ್ಯತ್ಯಾಸವನ್ನು ಖತೀಬರು ಮಿಂಬರಿನಿಂದ ವಿವರಿಸಲಿ. ಹಿಟ್ಲರನ ಚಿತ್ರ ಕಂಡಾಗ ಅಳಿಸುವ ಧೈರ್ಯವನ್ನು ಹೆತ್ತವರು ಮನೆಯಲ್ಲೇ ಕಲಿಸಲಿ.

ಆ ಹುಡುಗ ಅಂದು ರಾತ್ರಿ ಚಿತ್ರವನ್ನು ಅಳಿಸಿದ. ಬಳಿಕ ಕೇಳಿದ, “ಹಾಗಾದರೆ ಗಾಝಾಕ್ಕಾಗಿ ನಾನು ಏನು ಹೇಳಲಿ?” ಅವನಿಗೆ ಉತ್ತರ ಕೊಡಬೇಕಾದ ಹೊಣೆ ನಮ್ಮ ಮೇಲಿದೆ. ನಾವು ಕೊಡದಿದ್ದರೆ ಹಿಟ್ಲರನ ಚಿತ್ರ ಕಳಿಸಿದವರೇ ಮತ್ತೆ ಕೊಡುತ್ತಾರೆ.