ಅಜ್ಜಿ ಹೇಳಿದ ವಯಸ್ಸು

ಕಳೆದ ಶ್ರಾವಣದಲ್ಲಿ ಬಸವೇಶ್ವರನಗರದ ನಮ್ಮ ಆಪ್ತರೊಬ್ಬರ ಮನೆಗೆ ಮಾನವಶಾಸ್ತ್ರದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಮನೆಯ ಹಿರಿಯ ಜೀವವಾದ ಅಜ್ಜಿಯ ಬಾಳಿನ ಕಥೆಯನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿಕೊಳ್ಳುವುದು ಅವಳ ಉದ್ದೇಶ. ಪ್ರಸಾದವಾದ ಬಳಿಕ ನಡೆದ ಆ ಮಾತುಕತೆಯಲ್ಲಿ ನಾವೂ ಕುಳಿತಿದ್ದೆವು.

ಇಷ್ಟಲಿಂಗ ದೀಕ್ಷೆಯಾದಾಗ ತಮಗೆ 11 ವರ್ಷವೆಂದು ಅಜ್ಜಿ ಹೇಳಿದರು. ಪಕ್ಕದಲ್ಲಿದ್ದ ಅವರ ಅಣ್ಣನವರು, "ಅಲ್ಲ, 8. ಊರ ಮಠದಲ್ಲಿ ನಮಗೆಲ್ಲ ಒಂದೇ ದಿನ ಆಯಿತು" ಎಂದು ತಿದ್ದಿದರು. ಮಗನೂ, "ಅಮ್ಮನಿಗೆ ಮರೆವು, ಎಂಟೆಂದೇ ಬರೆದುಕೊಳ್ಳಿ" ಎಂದುಬಿಟ್ಟರು. ಅಜ್ಜಿ ಸುಮ್ಮನಾದರು. ಆ ಹುಡುಗಿ ಮಾತ್ರ ಬರೆಯುವ ಬದಲು, ಹನ್ನೊಂದನೆಯ ವರ್ಷದಲ್ಲಿ ಮನೆಯಲ್ಲಿ ಏನು ನಡೆಯಿತೆಂದು ಮೆಲ್ಲನೆ ಕೇಳಿದಳು. ಅವರ ತಾಯಿ ಲಿಂಗೈಕ್ಯರಾದದ್ದು ಆ ವರ್ಷ. ಅದುವರೆಗೆ ಪತ್ರೆ, ವಿಭೂತಿಗಳನ್ನು ಅಣಿಗೊಳಿಸಿ ಮಗಳ ಅಂಗೈಯಲ್ಲಿ ಲಿಂಗವನ್ನಿಡುತ್ತಿದ್ದವರು ತಾಯಿ. ಅನಂತರ ಮಗಳು ಒಬ್ಬಳೇ ಪೂಜೆಗೆ ಕುಳಿತಳು. ಕೊರಳಿಗೆ ಲಿಂಗ ಬಂದದ್ದು ಎಂಟಕ್ಕಾದರೂ, ಅದು ತಮ್ಮದಾದದ್ದು ಹನ್ನೊಂದಕ್ಕೆಂದು ಆ ಜೀವ ಎಣಿಸಿಕೊಂಡಿತ್ತೆಂದೇ ನಾವು ಭಾವಿಸುತ್ತೇವೆ. ಇದನ್ನು ಮರೆವೆನ್ನಲು ನಮಗೆ ಮನಸ್ಸಾಗದು.

ಒಂದೇ ಬಾಳನ್ನು ಎರಡು ಬಗೆಯಲ್ಲಿ ಕೇಳುವುದು ನಮಗೆ ಹೊಸದಲ್ಲ. ಅಕ್ಕಮಹಾದೇವಿಗೆ ಕೌಶಿಕನೊಡನೆ ವಿವಾಹವಾಯಿತೆಂದು ಹರಿಹರನ ರಗಳೆ ಹೇಳುತ್ತದೆ. ಚಾಮರಸನ ಪ್ರಭುಲಿಂಗಲೀಲೆ ಹಾಗೆ ಹೇಳುವುದಿಲ್ಲ. ಯಾವುದು ನಿಜವೆಂದು ವಾದಿಸುವವರು ಬಹಳ. ಯಾವ ಕವಿ, ಯಾವ ಕಾಲದಲ್ಲಿ, ಯಾರ ಮುಂದೆ, ಏಕೆ ಹಾಗೆ ಹೇಳಿದನೆಂದು ಕೇಳುವವರು ವಿರಳ.

ಕೇಳುವವನೂ ಕಥೆಯೊಳಗೆ ಇರುತ್ತಾನೆಂಬುದನ್ನು ಮೈಸೂರಿನವರೇ ಆದ ಪ್ರೊ. ಎಂ. ಎನ್. ಶ್ರೀನಿವಾಸರು ಮುಚ್ಚಿಡಲಿಲ್ಲ. ನಮ್ಮ ವಿಜಯನಗರದ ಆಚೆ, ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರೊಡನೆ ಕಟ್ಟಿದವರು ಇವರು. 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು ರಾಮಪುರವೆಂಬ ಹೆಸರಿನಿಂದ ಕರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ಪರಿಷ್ಕರಿಸಿದ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಅವರು ನೆನಪನ್ನೇ ಆಧರಿಸಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು. ಊರವರು ತಮ್ಮನ್ನು ಬ್ರಾಹ್ಮಣನೆಂದೇ ನಡೆಸಿಕೊಂಡುದರಿಂದ ಕೆಲವು ಕೇರಿಗಳ ಬಾಳು ತಮಗೆ ಸರಿಯಾಗಿ ದಕ್ಕಲಿಲ್ಲವೆಂದು ಅವರು ಒಪ್ಪಿಕೊಂಡರು. ಒಬ್ಬರಿಗೂ ಒಂದು ಕುಂದನ್ನು ಕಾಣದ ನಮ್ಮ ಅಭಿನಂದನ ಗ್ರಂಥಗಳ ಸಂಪಾದಕರು ಇದನ್ನು ಗಮನಿಸಬಹುದಾಗಿತ್ತು!

ಆ ದಿನ ಅಜ್ಜಿ ಮೊಮ್ಮಗಳ ವಯಸ್ಸಿನ ಹುಡುಗಿಗೆ ಹೇಳಿದ್ದನ್ನು ಸೊಸೆಯರು ಅದೇ ಮೊದಲ ಬಾರಿಗೆ ಕೇಳಿದರಂತೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಯಾರೂ ಕೇಳಿರಲಿಲ್ಲ. ಹೊರಡುವಾಗ ಹುಡುಗಿ, ತಾನು ಬರೆದುದನ್ನು ಮೊದಲು ಅಜ್ಜಿಗೇ ಓದಿ ಹೇಳುವುದಾಗಿ ಮಾತು ಕೊಟ್ಟಳು. ತವರಿನ ಜಮೀನಿನ ಒಂದು ಪ್ರಸಂಗವನ್ನು ಬಿಡಬೇಕೆಂದು ಅಜ್ಜಿ ಕೇಳಿಕೊಂಡರು. ಅವರೆದುರೇ ಅದನ್ನು ಅಳಿಸಲಾಯಿತು. ದೀಕ್ಷೆಯ ವಯಸ್ಸಿನ ಜಾಗದಲ್ಲಿ ಅವಳು ಎರಡನ್ನೂ ಬರೆದುಕೊಂಡಿದ್ದಾಳೆ, ಹೇಳಿದವರ ಹೆಸರಿನೊಡನೆ.